ಮಾತಿಗೂ ಬೆಲೆ ಕಟ್ಟಿದ ಊರಿನಲ್ಲಿ

ಸೇಂಟ್ ಥಾಮಸ್ ಚರ್ಚಿನ ಗಂಟೆಗೋಪುರದೊಳಗೆ ಮೆಟ್ಟಿಲುಗಳು ಸುರುಳಿ ಸುತ್ತಿಕೊಂಡು ಮೇಲೇರಿವೆ. ಒಟ್ಟು 52. ಒಬ್ಬರ ಹಿಂದೊಬ್ಬರು ಹತ್ತುವಷ್ಟೇ ಅಗಲ. ಮುಂದೆ ಹೋಗುತ್ತಿರುವ ರಾಣೆಬೆನ್ನೂರಿನ ಹುಡುಗನ ಬೂಟಿನ ಹಿಮ್ಮಡಿ ಬಿಟ್ಟರೆ ನನಗೆ ಬೇರೇನೂ ಕಾಣುತ್ತಿಲ್ಲ. ಬೆನ್ನ ಹಿಂದೆ ಯಾರೋ ಏದುಸಿರು ಬಿಡುತ್ತಾ ಮೆಟ್ಟಿಲು ಎಣಿಸುತ್ತಿದ್ದಾರೆ. ಲಂಡನ್ ಬ್ರಿಡ್ಜ್ ಸ್ಟೇಷನ್ನಿನ ಗದ್ದಲ ಗೋಡೆಯಾಚೆ ಉಳಿಯಿತು. ತಲೆ ಬಗ್ಗಿಸಿ ಒಳಹೊಕ್ಕರೆ ಅಟ್ಟ: ದಪ್ಪ ತೊಲೆಗಳು, ಒಣಸೊಪ್ಪಿನ ಕಟ್ಟುಗಳು, ಒರಳು, ತಕ್ಕಡಿ.

ಇದು ಹಳೆಯ ಸೇಂಟ್ ಥಾಮಸ್ ಆಸ್ಪತ್ರೆಯ ಅಪಾಥೆಕರಿ, ಅಂದರೆ ಔಷಧಿ ಮಾಡುವವನು, ಗಿಡಮೂಲಿಕೆ ಒಣಗಿಸುತ್ತಿದ್ದ ಜಾಗ. ಇಲ್ಲಿನ ತೊಲೆಗಳ ಸಂದಿಯಲ್ಲಿ ಒಣಗಿದ ಗಸಗಸೆ ಕಾಯಿಗಳು ಸಿಕ್ಕಿದ್ದವು. ಅಫೀಮಿನ ಗಸಗಸೆ. ನನ್ನ ಜೊತೆ ಬಂದವರೆಲ್ಲ ಔಷಧವಿಜ್ಞಾನದ ಫಾರ್ಮ್ ಡಿ ಕೋರ್ಸಿನ ಐದನೇ ವರ್ಷದವರು. ಮಾರ್ಫಿನ್ನಿನ ರಚನೆಯನ್ನು ನಿದ್ದೆಗಣ್ಣಲ್ಲೂ ಬರೆಯಬಲ್ಲವರು. ಆದರೂ ಗಾಜಿನ ಪೆಟ್ಟಿಗೆಯ ಮುಂದೆ ಸುಮ್ಮನೆ ನಿಂತುಬಿಟ್ಟಿದ್ದಾರೆ. ಪುಸ್ತಕದಲ್ಲಿ ಬರೀ ಗೆರೆಗಳ ಚಿತ್ರವಾಗಿದ್ದದ್ದು ಇಲ್ಲಿ ಯಾರೋ ಕೈಯಾರೆ ಕಿತ್ತು, ಸೂರಿಗೆ ಸಿಕ್ಕಿಸಿ, ಬೇಸಗೆ ಕಾವಿಗೆ ಒಣಗಿಸಿದ ಕಾಯಿ.

ಅಟ್ಟ ದಾಟಿದರೆ 1822ರ ಶಸ್ತ್ರಚಿಕಿತ್ಸಾ ಕೊಠಡಿ. ಮೇಲೆ ಗಾಜಿನ ಮಾಡು, ಅದರಿಂದಿಳಿಯುವ ಬೂದು ಬೆಳಕು. ನಡುವೆ ಒಂದು ಮರದ ಮೇಜು, ಕೆಳಗೆ ರಕ್ತ ಹೀರಲು ಮರದ ಹೊಟ್ಟಿನ ಪೆಟ್ಟಿಗೆ. ಸುತ್ತ ಕುದುರೆ ಲಾಳದಂತೆ ಎತ್ತರೆತ್ತರದ ಸಾಲುಗಳು. ಅಂದಿನ ವಿದ್ಯಾರ್ಥಿಗಳು ನಿಂತು ನೋಡುತ್ತಿದ್ದ ಜಾಗ. ನಮ್ಮವರು ಅಲ್ಲೇ ಹತ್ತಿ ನಿಲ್ಲುತ್ತಾರೆ. ಪಕ್ಕದಲ್ಲೇ ಹೆಂಗಸರ ವಾರ್ಡು ಇತ್ತು, ಬಡ ಹೆಂಗಸರದು. ಪ್ರಜ್ಞೆ ತಪ್ಪಿಸುವ ಈಥರ್ ಲಂಡನ್ನಿನ ಶಸ್ತ್ರಚಿಕಿತ್ಸೆಗೆ ಬಂದದ್ದು 1846ರ ಡಿಸೆಂಬರಿನಲ್ಲಿ. ಅದಕ್ಕೂ ಮೊದಲಿನ 24 ವರ್ಷ ಈ ಮೇಜಿನ ಮೇಲೆ ಮಲಗಿದವರು ಎಚ್ಚರವಾಗಿಯೇ ಇದ್ದರು.

"ಮೇಡಂ, ಅಷ್ಟು ಹೊತ್ತು ಅಪಾಥೆಕರಿ ಎಲ್ಲಿರ್ತಿದ್ದ?" ತುಮಕೂರಿನ ಹುಡುಗಿ ಮೇಲಿನ ಸಾಲಿನಿಂದ ಕೇಳುತ್ತಾಳೆ.

ಎಷ್ಟು ಒಳ್ಳೆಯ ಪ್ರಶ್ನೆ! ಔಷಧಿ ಮಾಡುವವನು ರೋಗಿಯಿಂದ ಎಷ್ಟು ದೂರದಲ್ಲಿದ್ದ? ಹಾಗೆ ನೋಡಿದರೆ ನಾವು ಏಳು ಸಮುದ್ರ ದಾಟಿ ಬಂದಿರುವುದೇ ಈ ದೂರವನ್ನು ಅಳೆಯುವುದಕ್ಕೆ. ನಾನು ಉತ್ತರ ಹೇಳುವುದಿಲ್ಲ. "ಸಂಜೆಯೊಳಗೆ ನೀನೇ ಹೇಳು," ಎನ್ನುತ್ತೇನೆ.

1862ರಲ್ಲಿ ಆಸ್ಪತ್ರೆ ಇಲ್ಲಿಂದ ಹೊರಟಿತು. ಈ ಕೊಠಡಿಯನ್ನು ಮುಚ್ಚಿ ಮರೆತರು. 1956ರಲ್ಲಿ ರೇಮಂಡ್ ರಸೆಲ್ ಎಂಬವರು ಹುಡುಕಿಕೊಂಡು ಬಂದು ಮತ್ತೆ ಕಂಡುಹಿಡಿಯುವವರೆಗೆ ಇದು ಕತ್ತಲೆಯಲ್ಲೇ ಇತ್ತು.

ಕೆಳಗಿಳಿದು ರಸ್ತೆ ದಾಟಿದರೆ ಗೈಸ್ ಆಸ್ಪತ್ರೆಯ ಅಂಗಳ. ಹಳೆಯ ಲಂಡನ್ ಸೇತುವೆಯಿಂದ ತಂದಿಟ್ಟ ಕಲ್ಲಿನ ಗೂಡಿನೊಳಗೆ ಕಂಚಿನ ಯುವಕನೊಬ್ಬ ಕೂತಿದ್ದಾನೆ, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು. ಜಾನ್ ಕೀಟ್ಸ್. 1815ರ ಅಕ್ಟೋಬರಿನಲ್ಲಿ ಇಲ್ಲಿ ವಿದ್ಯಾರ್ಥಿಯಾಗಿ ಸೇರಿದ, 1816ರ ಜುಲೈಯಲ್ಲಿ ಅಪಾಥೆಕರಿ ಪರೀಕ್ಷೆ ಪಾಸಾದ, ಆಮೇಲೆ ಕವಿತೆಯ ಕಡೆ ನಡೆದುಬಿಟ್ಟ. "ನಮ್ಮ ಸೀನಿಯರ್!" ಎಂದು ತುಮಕೂರಿನವಳು ಹೋಗಿ ಪಕ್ಕದಲ್ಲಿ ಕೂರುತ್ತಾಳೆ. ಪಿಯುಸಿಯಲ್ಲಿ ಇಂಗ್ಲಿಷ್ ಪದ್ಯವೆಂದರೆ ದೂರ ಓಡುತ್ತಿದ್ದವರೂ ಸರದಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ನದಿ ದಾಟಿ ಬ್ಲ್ಯಾಕ್‌ಫ್ರಯರ್ಸ್ ಕಡೆ ನಡೆಯುತ್ತೇವೆ. ಗಾಳಿ ಕಿವಿ ಕೊರೆಯುತ್ತಿದೆ. ಹುಡುಗಿಯರು ದುಪಟ್ಟಾ ತಲೆಗೆ ಸುತ್ತಿಕೊಂಡಿದ್ದಾರೆ. ಸಣ್ಣ ಓಣಿಯಲ್ಲಿ ಅಪಾಥೆಕರೀಸ್ ಹಾಲ್. ಅಪಾಥೆಕರಿಗಳು ದಿನಸಿ ವರ್ತಕರ ಸಂಘದಿಂದ ಬೇರೆಯಾಗಿ ತಮ್ಮದೇ ಸಂಘ ಕಟ್ಟಿಕೊಂಡದ್ದು 1617ರಲ್ಲಿ. ಅವರ ಕಟ್ಟಡ 1666ರ ಮಹಾ ಬೆಂಕಿಯಲ್ಲಿ ಸುಟ್ಟುಹೋಯಿತು. ಈಗ ಕಾಣುವ ಹಾಲ್ ಅದಾದ ಮೇಲೆ ಎದ್ದದ್ದು. ಈಸ್ಟ್ ಇಂಡಿಯಾ ಕಂಪನಿಗೂ ಔಷಧಿ ಸರಬರಾಜಾಗುತ್ತಿದ್ದದ್ದು ಈ ಸಂಘದಿಂದಲೇ.

ಅಂಗಳದಲ್ಲಿ ಎಲ್ಲರನ್ನೂ ಹತ್ತಿರ ಕರೆದು ವಿಲಿಯಂ ರೋಸ್‌ನ ಕಥೆ ಹೇಳುತ್ತೇನೆ. ಅವನೊಬ್ಬ ಅಪಾಥೆಕರಿ. ಒಬ್ಬ ಕಟುಕನಿಗೆ ವೈದ್ಯರ ಚೀಟಿಯಿಲ್ಲದೆ ತಾನೇ ನೋಡಿ ಔಷಧಿ ಕೊಟ್ಟ. ವೈದ್ಯರ ಕಾಲೇಜು ಕೋರ್ಟಿಗೆ ಹೋಯಿತು, ರೋಸ್ ಸೋತ. ಆದರೆ 1704ರಲ್ಲಿ ಹೌಸ್ ಆಫ್ ಲಾರ್ಡ್ಸ್ ಆ ತೀರ್ಪನ್ನು ತಿರುಗಿಸಿಹಾಕಿತು. ಅಪಾಥೆಕರಿ ರೋಗಿಯನ್ನು ನೋಡಬಹುದು, ಏನು ತೆಗೆದುಕೊಳ್ಳಬೇಕೆಂದು ಹೇಳಲೂಬಹುದು. ಆದರೆ ದುಡ್ಡು ಕೇಳುವುದಿದ್ದರೆ ಔಷಧಿಗೆ ಮಾತ್ರ. ಹೇಳಿದ ಮಾತಿಗೆ ಕಾಸಿಲ್ಲ.

"ಹಂಗಾದ್ರ ಬಾಟ್ಲಿ ಮ್ಯಾಲೆ ಬಾಟ್ಲಿ ಕೊಟ್ಟಿರ್ತಾರ್ರೀ," ರಾಣೆಬೆನ್ನೂರಿನವನು ಥಟ್ಟನೆ ಹೇಳುತ್ತಾನೆ. ಅವನ ತಂದೆ ಮೆಡಿಕಲ್ ಶಾಪ್ ಇಟ್ಟವರು. ವ್ಯಾಪಾರದ ಒಳಸುಳಿ ಅವನಿಗೆ ಬೇಗ ಹೊಳೆಯುತ್ತದೆ. ನಿಜ, ಹಾಗೇ ಆಯಿತು. ಮಾತಿಗೆ ಬೆಲೆಯಿಲ್ಲದ ಕಡೆ ಬದುಕಬೇಕಾದರೆ ಬಾಟಲಿ ಹೆಚ್ಚಬೇಕು. ಆ ಅಪಾಥೆಕರಿಗಳು ಮುಂದೆ ಮನೆವೈದ್ಯರಾದರು. ಕೌಂಟರಿನ ಹಿಂದೆ ಉಳಿದ ಕೆಮಿಸ್ಟರನ್ನು ಜೇಕಬ್ ಬೆಲ್ ಮೊದಲಾದವರು 1841ರ ಏಪ್ರಿಲ್ 15ರಂದು ಸ್ಟ್ರಾಂಡ್ ಬೀದಿಯ ಒಂದು ಪಾನಗೃಹದಲ್ಲಿ ಕೂಡಿಸಿ ಫಾರ್ಮಾಸ್ಯುಟಿಕಲ್ ಸೊಸೈಟಿ ಕಟ್ಟಿದರು. ಪರೀಕ್ಷೆ, ಪಾಠಶಾಲೆ, ನೋಂದಣಿ ಎಲ್ಲ ಆಮೇಲೆ ಬಂದವು. ಮಾತಿನ ಬೆಲೆಯ ಪ್ರಶ್ನೆ ಮಾತ್ರ ಕೌಂಟರಿನ ಮೇಲೇ ಉಳಿಯಿತು.

ಮರುದಿನ ಚೆಲ್ಸಿ. ಸ್ಲೋನ್ ಸ್ಕ್ವೇರಿನಲ್ಲಿ ಇಳಿದು ನಡೆದು ಬಂದರೆ ಎತ್ತರದ ಇಟ್ಟಿಗೆ ಗೋಡೆ, ಅದರೊಳಗೆ ಸುಮಾರು ನಾಲ್ಕು ಎಕರೆ ಗಿಡಗಳು. ಗೋಡೆ ಗಾಳಿಯನ್ನು ತಡೆದು ಬಿಸಿಲನ್ನು ಹಿಡಿದಿಟ್ಟುಕೊಂಡಿದೆ. ಒಳಗೆ ಕಾಲಿಟ್ಟ ಕೂಡಲೇ ಮೈ ಬೆಚ್ಚಗಾಗಿ ಎಲ್ಲರೂ ಜಾಕೆಟ್ಟಿನ ಗುಂಡಿ ಬಿಚ್ಚುತ್ತಾರೆ. ಅಪಾಥೆಕರಿಗಳು 1673ರಲ್ಲಿ ತಮ್ಮ ಶಿಷ್ಯರಿಗಾಗಿ ಮಾಡಿದ ತೋಟ ಇದು. ನಡುವೆ ಹ್ಯಾನ್ಸ್ ಸ್ಲೋನ್ ನಿಂತಿದ್ದಾನೆ, ಪ್ರತಿಮೆಯಾಗಿ. ಈ ಜಾಗವನ್ನು 1722ರಲ್ಲಿ ವರ್ಷಕ್ಕೆ 5 ಪೌಂಡಿನ ಗೇಣಿಗೆ ಶಾಶ್ವತವಾಗಿ ಬಿಟ್ಟುಕೊಟ್ಟ ವೈದ್ಯ. ಜೊತೆಗೊಂದು ಷರತ್ತು ಹಾಕಿದ: ವರ್ಷಕ್ಕೆ 50 ಗಿಡಗಳ ಮಾದರಿಯಂತೆ, 2,000 ಆಗುವವರೆಗೂ ರಾಯಲ್ ಸೊಸೈಟಿಗೆ ಒಪ್ಪಿಸುತ್ತಾ ಹೋಗಬೇಕು. ಎಂಥ ಗೇಣಿ! ತೋಟ ಓದಿಗೇ ಉಳಿಯಬೇಕೆಂದು ಅವನು ಹಾಕಿದ ಬೇಲಿ ಅದು.

ಇಲ್ಲೇ ಇನ್ನೊಂದು ಹೆಸರು ಹೇಳಬೇಕು. 1629ರ ಜುಲೈಯಲ್ಲಿ ಥಾಮಸ್ ಜಾನ್ಸನ್ ಎಂಬ ಲಂಡನ್ನಿನ ಅಪಾಥೆಕರಿ ತನ್ನ ಸಂಗಡಿಗರ ಜೊತೆ ಕೆಂಟ್ ಸೀಮೆಗೆ ಗಿಡ ಹುಡುಕಿಕೊಂಡು ಹೋದ. ಎಲ್ಲಿ ಏನು ಕಂಡೆವೆಂದು ಆ ವರ್ಷವೇ ಅಚ್ಚು ಹಾಕಿಸಿದ. 1633ರಲ್ಲಿ ತನ್ನ ಅಂಗಡಿಯಲ್ಲಿ ಬರ್ಮುಡಾದಿಂದ ಬಂದ ಬಾಳೆಗೊನೆ ತೂಗುಹಾಕಿ ಊರವರಿಗೆಲ್ಲ ತೋರಿಸಿದವನೂ ಅವನೇ. ಬಾಳೆಹಣ್ಣು ಅವರಿಗೆ ಅಷ್ಟು ಹೊಸದು. ಔಷಧಿ ಕಲಿಯುವವರು ಗುಂಪು ಕಟ್ಟಿಕೊಂಡು ಊರು ಬಿಟ್ಟು ಹೋಗಿ ನೋಡಿ ಬರಬೇಕೆಂಬುದು ನಮ್ಮ ಕಾಲದ ಟ್ರಾವೆಲ್ ಏಜೆನ್ಸಿಗಳು ಹುಟ್ಟುಹಾಕಿದ ಪದ್ಧತಿಯಲ್ಲ. ಜಾನ್ಸನ್ ಮತ್ತು ಸಂಗಡಿಗರು ಹೋದದ್ದೂ ಅಧ್ಯಯನ ಪ್ರವಾಸವೇ.

ಔಷಧಿ ಗಿಡಗಳನ್ನು ಈ ತೋಟದಲ್ಲಿ ರೋಗದ ವಿಭಾಗಕ್ಕೆ ತಕ್ಕಂತೆ ಪಾತಿ ಮಾಡಿ ನೆಟ್ಟಿದ್ದಾರೆ. ಹೃದಯದ ಪಾತಿ ನೋಡಿ ಕ್ಯಾನ್ಸರಿನ ಕಡೆ ಬರುತ್ತಿದ್ದ ಹಾಗೆ ಹುಡುಗಿಯೊಬ್ಬಳು ಕೂಗುತ್ತಾಳೆ: "ಮೇಡಂ, ನಿತ್ಯಪುಷ್ಪ!"

ಹೌದು, ಅದೇ ಗುಲಾಬಿ ಬಣ್ಣದ ಐದೆಸಳು. ನಮ್ಮೂರುಗಳಲ್ಲಿ ಕಾಂಪೌಂಡಿನ ಸಂದಿಯಲ್ಲಿ, ಸ್ಮಶಾನದ ಬದಿಯಲ್ಲಿ, ತುಳಸಿಕಟ್ಟೆಯ ಬುಡದಲ್ಲಿ ಯಾರೂ ನೀರು ಹಾಕದಿದ್ದರೂ ಅರಳುವ ಹೂವು. ಅದು ಹುಟ್ಟಿದ್ದು ಮಡಗಾಸ್ಕರಿನಲ್ಲಿ. ಪ್ಯಾರಿಸ್ಸಿನಿಂದ ಬಂದ ಬೀಜವನ್ನು 18ನೇ ಶತಮಾನದ ನಡುವಿನಲ್ಲಿ ಈ ತೋಟದ ಮುಖ್ಯಸ್ಥ ಫಿಲಿಪ್ ಮಿಲ್ಲರ್ ಮೊಳೆಸಿದ. ಇಲ್ಲಿಂದ ಅದು ಬೇರೆ ಬೇರೆ ನೆಲಗಳಿಗೆ ಹೋಯಿತು. ಜಮೈಕಾದ ಜನ ಅದರ ಎಲೆಯ ಕಷಾಯವನ್ನು ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದರು. 1950ರ ದಶಕದಲ್ಲಿ ಆ ಎಲೆ ಕೆನಡಾದ ಸಂಶೋಧಕ ರಾಬರ್ಟ್ ನೋಬಲ್ ಕೈಗೆ ಸಿಕ್ಕಿತು. ಪ್ರಯೋಗದ ಪ್ರಾಣಿಗಳಲ್ಲಿ ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣಗಳು ಇಳಿದವು. ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಆ ಜಾಡು ಹಿಡಿದು ಹೋಗಿ ವಿನ್‌ಬ್ಲಾಸ್ಟಿನ್ ಎಂಬ ಕ್ಯಾನ್ಸರ್ ಔಷಧಿಯನ್ನು ಬೇರ್ಪಡಿಸಿದರು. ಅದೇ ಗಿಡದ ಇನ್ನೊಂದು ಮಗು ವಿನ್‌ಕ್ರಿಸ್ಟಿನ್. ಮಕ್ಕಳ ರಕ್ತದ ಕ್ಯಾನ್ಸರಿಗೆ ಇವತ್ತಿಗೂ ಅದು ಬೇಕೇ ಬೇಕು.

ಕೂಗಿದ ಹುಡುಗಿ ಈಗ ಪಾತಿಯ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದಾಳೆ. ಬೆಂಗಳೂರಿನಲ್ಲಿ ಕ್ಯಾನ್ಸರ್ ವಾರ್ಡಿನ ಪೋಸ್ಟಿಂಗ್ ಮುಗಿಸಿ ಬಂದವಳು. "ಚದರ ಮೀಟರಿಗೆ 1.5 ಮಿಲಿಗ್ರಾಂ, 2 ಮಿಲಿಗ್ರಾಂ ದಾಟಬಾರದು," ಎಂದು ವಿನ್‌ಕ್ರಿಸ್ಟಿನ್ನಿನ ಲೆಕ್ಕವನ್ನು ತನ್ನಷ್ಟಕ್ಕೇ ಹೇಳಿಕೊಳ್ಳುತ್ತಾಳೆ. ಮಿಕ್ಕದ್ದನ್ನು ನಾನು ಹೇಳುತ್ತೇನೆ. ಈ ಔಷಧಿ ರಕ್ತನಾಳಕ್ಕೆ ಹೋದರೆ ಬದುಕು. ಬೆನ್ನುಹುರಿಯ ದ್ರವಕ್ಕೆ ಹೋದರೆ ಸಾವು ಹೆಚ್ಚುಕಡಿಮೆ ಖಚಿತ. 2001ರಲ್ಲಿ ಇದೇ ದೇಶದ ನಾಟಿಂಗ್‌ಹ್ಯಾಮಿನಲ್ಲಿ 18 ವರ್ಷದ ಹುಡುಗನೊಬ್ಬ ಹಾಗೆ ಸತ್ತ. ಬೆನ್ನಿಗೆ ಕೊಡುವ ಔಷಧಿಯೂ ಸಿರಿಂಜಿನಲ್ಲಿ, ಇದೂ ಸಿರಿಂಜಿನಲ್ಲಿ; ಕೈ ತಪ್ಪಿತು. ಈಗ ಅದನ್ನು ಸಿರಿಂಜಿಗೆ ತುಂಬದೆ ಸಣ್ಣ ಚೀಲದಲ್ಲಿ ಬೆರೆಸಿ ಕಳಿಸಬೇಕೆನ್ನುತ್ತಾರೆ, ಏಕೆಂದರೆ ಚೀಲವನ್ನು ಯಾರೂ ಬೆನ್ನಿಗೆ ಚುಚ್ಚಲಾರರು. ಆ ಚೀಲ ಸಿದ್ಧವಾಗುವುದು ಫಾರ್ಮಸಿಯಲ್ಲಿ. ಹೂವಿನ ಮುಂದೆ ನಿಂತು ಇದನ್ನು ಹೇಳುವಾಗ ಯಾರೂ ಫೋನ್ ಮುಟ್ಟುವುದಿಲ್ಲ.

ಪ್ಯಾಡಿಂಗ್ಟನ್ನಿನಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಪ್ರೇಡ್ ಸ್ಟ್ರೀಟಿನ ಫುಟ್‌ಪಾತಿನಿಂದಲೇ ತಲೆಯೆತ್ತಿ ಸೇಂಟ್ ಮೇರೀಸ್ ಆಸ್ಪತ್ರೆಯ ಕಿಟಕಿ ನೋಡುತ್ತೇವೆ. 1928ರ ಸೆಪ್ಟೆಂಬರಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ರಜೆ ಮುಗಿಸಿ ಬಂದು ಬೂಷ್ಟು ಹಿಡಿದ ತಟ್ಟೆಯನ್ನು ಕಂಡದ್ದು ಆ ಮೇಲಿನ ಕೋಣೆಯಲ್ಲಿ. ಎಲ್ಲರಿಗೂ ಗೊತ್ತಿರುವ ಕಥೆ. ನಾನು ನೆನಪಿಸುವುದು ಅವರ 1945ರ ನೊಬೆಲ್ ಭಾಷಣವನ್ನು. ಅದರಲ್ಲಿ ಅವರು ಒಂದು ಕಲ್ಪಿತ ಪ್ರಸಂಗ ಹೇಳಿದರು: ಗಂಟಲು ನೋವೆಂದು ಒಬ್ಬ ತಾನೇ ಪೆನಿಸಿಲಿನ್ ಕೊಂಡು ಅರೆಬರೆ ತೆಗೆದುಕೊಳ್ಳುತ್ತಾನೆ; ಸಾಯದೆ ಉಳಿದ ರೋಗಾಣು ಔಷಧಿಗೆ ಬಗ್ಗದಂತಾಗಿ ಅವನ ಹೆಂಡತಿಗೆ ಹತ್ತುತ್ತದೆ; ಆಕೆ ಸಾಯುತ್ತಾಳೆ. ಪೆನಿಸಿಲಿನ್ ಇನ್ನೂ ಹೊಸದಾಗಿದ್ದಾಗಲೇ ಹೇಳಿದ ಮಾತು. ಗಂಟಲು ನೋವೆಂದರೆ ಸ್ಟ್ರಿಪ್ಪಿನಿಂದ ಮೂರು ಮಾತ್ರೆ ಕತ್ತರಿಸಿ ಕೊಡುವುದನ್ನು ಚಿಕ್ಕಂದಿನಿಂದ ನೋಡುತ್ತಾ ಬೆಳೆದ ನಮಗೆ ಅದು ಪಕ್ಕದ ಮನೆಯ ಸುದ್ದಿಯಂತಿದೆ. 2014ರಿಂದ ಭಾರತದಲ್ಲಿ ಹಲವು ಆ್ಯಂಟಿಬಯಾಟಿಕ್‌ಗಳಿಗೆ ಚೀಟಿಯಿಲ್ಲದೆ ಮಾರಬಾರದೆಂಬ ಎಚ್1 ಶೆಡ್ಯೂಲು, ಬೇರೆ ರಿಜಿಸ್ಟರು ಎಲ್ಲ ಬಂದಿದ್ದರೂ ಕತ್ತರಿ ಇನ್ನೂ ಡ್ರಾಯರಿನಲ್ಲೇ ಇದೆ.

ಸಂಜೆ ಸೂಪರ್ ಮಾರ್ಕೆಟ್ಟಿನಲ್ಲಿ ಒಬ್ಬಳು ತಲೆನೋವೆಂದು ಪ್ಯಾರಾಸಿಟಮಾಲಿನ ನಾಲ್ಕು ಪೊಟ್ಟಣ ಎತ್ತಿಕೊಂಡರೆ ಕ್ಯಾಶಿನಲ್ಲಿರುವಾಕೆ ಎರಡನ್ನು ವಾಪಸ್ ಇಡಿಸುತ್ತಾಳೆ. ಒಂದೊಂದರಲ್ಲಿ 16 ಮಾತ್ರೆ. 1998ರ ನಿಯಮ: ಸಾಮಾನ್ಯ ಅಂಗಡಿಯಲ್ಲಿ 16ರ ಪೊಟ್ಟಣ, ಔಷಧಾಲಯದಲ್ಲಿ 32ರದು. ಮನಸ್ಸು ಕೆಟ್ಟ ಗಳಿಗೆಯಲ್ಲಿ ಮನೆಯಲ್ಲಿ ರಾಶಿ ಮಾತ್ರೆ ಕೈಗೆ ಸಿಗದಿರಲೆಂದು. ಪೊಟ್ಟಣ ಸಣ್ಣದು ಮಾಡಿದ್ದರಿಂದ ಜೀವಗಳು ಉಳಿದವೆಂದು ಆಕ್ಸ್‌ಫರ್ಡಿನ ಕೀತ್ ಹಾಟನ್ ಮತ್ತು ಅವರ ಜೊತೆಗಾರರು ತೋರಿಸಿಕೊಟ್ಟಿದ್ದಾರೆ.

ಪ್ರವಾಸದ ಕರಪತ್ರಗಳನ್ನು ನಾನು ಬಹಳ ನೋಡಿದ್ದೇನೆ. ವಿಶ್ವವಿದ್ಯಾಲಯದಲ್ಲಿ ಅರ್ಧ ದಿನದ ಉಪನ್ಯಾಸ, ಕಾರ್ಖಾನೆಯ ಗಾಜಿನಾಚೆಯಿಂದ ಒಂದು ನೋಟ, ಟವರ್ ಬ್ರಿಡ್ಜಿನ ಮುಂದೆ ಬ್ಯಾನರ್ ಹಿಡಿದು ಫೋಟೋ, ಸರ್ಟಿಫಿಕೇಟು. ಇಷ್ಟಕ್ಕೆ ಮನೆಯವರು ಚಿನ್ನ ಅಡವಿಟ್ಟು ಕಳಿಸುತ್ತಾರೆ. ಕಾಲೇಜುಗಳು ಒಂದೇ ಒಂದು ವಿಷಯಕ್ಕೆ ಹಟ ಹಿಡಿಯಬೇಕು: ಒಂದು ಪೂರ್ತಿ ದಿನ, ಸಣ್ಣ ಗುಂಪುಗಳಾಗಿ, ಬೀದಿಯ ಔಷಧಾಲಯದ ಕೌಂಟರಿನ ಒಳಗೆ. ಏರ್ಪಾಡು ಮಾಡುವುದು ಕಷ್ಟ, ರೋಗಿಯ ಗುಟ್ಟು ಕಾಯಬೇಕು, ಒಪ್ಪಿಗೆ ಪಡೆಯಬೇಕು. ಆದರೂ ಅದಿಲ್ಲದ ಪ್ರವಾಸಕ್ಕೆ ಹಣ ಕಟ್ಟಬೇಡಿ ಎಂದು ಕೇಳಿದ ಹೆತ್ತವರಿಗೆಲ್ಲ ಹೇಳುತ್ತೇನೆ.

ನಮಗೆ ಅಂಥ ದಿನ ಸಿಕ್ಕಿದ್ದು ಹ್ಯಾರೋದಲ್ಲಿ. ವಾಯುವ್ಯ ಲಂಡನ್ನಿನ ಬಡಾವಣೆ. ಬೀದಿಯಲ್ಲಿ ಗುಜರಾತಿ ಫಲಕಗಳು, ಬಿಸಿ ಎಣ್ಣೆಯ ವಾಸನೆ. ಹಸಿರು ಶಿಲುಬೆಯ ದೀಪದ ಕೆಳಗೆ ಸಣ್ಣ ಔಷಧಾಲಯ. ಫಾರ್ಮಸಿಸ್ಟ್ ನಡುವಯಸ್ಸಿನ ಹೆಂಗಸು. 1972ರಲ್ಲಿ ಇದಿ ಅಮೀನ್ ಉಗಾಂಡದಿಂದ ಓಡಿಸಿದ ಮನೆತನಗಳಲ್ಲಿ ಒಂದು ಅವರದು. ಗೋಡೆಯ ಮೇಲೆ ಇಂದಿನ ಹೊಣೆಗಾರ ಫಾರ್ಮಸಿಸ್ಟ್ ಯಾರೆಂದು ಹೆಸರು, ನೋಂದಣಿ ಸಂಖ್ಯೆ. ಕೌಂಟರಿನ ಮೇಲೆ ಕತ್ತರಿ ಕಾಣುವುದಿಲ್ಲ. ಪ್ರತಿ ಡಬ್ಬಿಯ ಮೇಲೂ ರೋಗಿಯ ಹೆಸರು, ಯಾವಾಗ ಎಷ್ಟು ಎಂಬ ಚೀಟಿ. ಪಕ್ಕದಲ್ಲಿ ಬಾಗಿಲು, ಒಳಗೆ ಎರಡು ಕುರ್ಚಿ, ಒಂದು ಕಂಪ್ಯೂಟರ್, ಕೈ ತೊಳೆಯುವ ಬೇಸಿನ್. ಅಷ್ಟೇ.

ಗಂಟಲು ನೋವೆಂದು ಒಬ್ಬ ಹೆಂಗಸು ಬರುತ್ತಾಳೆ. ನಾವು ಇಬ್ಬರೇ, ನಾನು ಮತ್ತು ತುಮಕೂರಿನವಳು, ಆಕೆಯನ್ನು ಕೇಳಿ ಒಪ್ಪಿಗೆ ಪಡೆದು ಮೂಲೆಯಲ್ಲಿ ನಿಲ್ಲುತ್ತೇವೆ. ಬಾಗಿಲು ಮುಚ್ಚುತ್ತದೆ.

"ಎಂದಿನಿಂದ?"

"ಮೊನ್ನೆಯಿಂದ."

ಜ್ವರ ಇದೆಯೇ? ಇದೆ. ಕೆಮ್ಮು, ನೆಗಡಿ? ಇಲ್ಲ. ಎಂಜಲು ನುಂಗಲು ಆಗುತ್ತದೆಯೇ? ಕತ್ತು ಬಿಗಿದಿದೆಯೇ? ಬಾಯಿ ಪೂರ್ತಿ ತೆರೆಯಲು ಬರುತ್ತದೆಯೇ? ಫಾರ್ಮಸಿಸ್ಟ್ ಟಾರ್ಚ್ ಹಿಡಿದು ನೋಡುತ್ತಾರೆ. ಆಮೇಲೆ, ಏನೋ ಮಾಮೂಲಿ ಮಾತೆಂಬಂತೆ: "ಥೈರಾಯ್ಡಿಗೆ ಕಾರ್ಬಿಮಜೋಲ್ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ?"

ನನ್ನ ಪಕ್ಕದವಳು ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿಯುತ್ತಾಳೆ. ಆ ಮಾತ್ರೆ ಅಪರೂಪಕ್ಕೆ ಬಿಳಿ ರಕ್ತಕಣಗಳನ್ನೇ ಬರಿದು ಮಾಡುತ್ತದೆ, ಅದರ ಮೊದಲ ಕುರುಹು ಗಂಟಲು ನೋವು. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆದ ಸಾಲು ಈಗ ಒಬ್ಬ ಹೆಂಗಸಿನ ಮುಂದೆ ಕೂತು ಪ್ರಶ್ನೆಯಾಗಿದೆ. ಆಕೆ ಇಲ್ಲವೆಂದು ತಲೆಯಾಡಿಸುತ್ತಾಳೆ.

ಜ್ವರ, ಗಂಟಲಲ್ಲಿ ಕೀವು, ಮೂರು ದಿನದೊಳಗೇ ಬಂದದ್ದು, ಕೆಮ್ಮಿಲ್ಲದಿರುವುದು. ಐದರಲ್ಲಿ ನಾಲ್ಕು ಅಂಕ. ಫೀವರ್‌ಪೇಯ್ನ್ ಎನ್ನುವ ಲೆಕ್ಕ ಇದು. ನಾಲ್ಕಾದರೆ ಪೆನಿಸಿಲಿನ್ ಯೋಚಿಸಬಹುದು. ಕೊಡುವ ಅಧಿಕಾರ ಇವರಿಗೆ ಇದೆ. 2024ರ ಜನವರಿ 31ರಿಂದ ಇಂಗ್ಲೆಂಡಿನಲ್ಲಿ ಫಾರ್ಮಸಿ ಫಸ್ಟ್ ಎಂಬ ಯೋಜನೆ ನಡೆಯುತ್ತಿದೆ: ಗಂಟಲು ನೋವು, ಕಿವಿನೋವು, ಸೈನಸ್, ಸರ್ಪಸುತ್ತು, ಹುಳ ಕಚ್ಚಿ ಕೀವಾಗಿರುವುದು, ಇಂಪೆಟಿಗೊ ಎಂಬ ಚರ್ಮದ ಸೋಂಕು, ಹೆಂಗಸರ ಸರಳ ಉರಿಮೂತ್ರ, ಈ ಏಳಕ್ಕೆ ವೈದ್ಯರ ಚೀಟಿಯಿಲ್ಲದೆ ಫಾರ್ಮಸಿಸ್ಟೇ ನೋಡಿ ಔಷಧಿ ಕೊಡಬಹುದು. ಆದರೂ ಇವರು ಕೀಲಿಮಣೆ ಮುಟ್ಟದೆ ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಾರೆ. ಊಟ ಸೇರುತ್ತಿದೆಯೇ? ನಿದ್ದೆ? "ಸೇರುತ್ತೆ, ಕೆಲಸಕ್ಕೂ ಹೋಗಿದ್ದೆ," ಎನ್ನುತ್ತಾಳೆ ಆಕೆ. ಹೆಚ್ಚಿನ ಗಂಟಲು ನೋವು ಒಂದು ವಾರದೊಳಗೆ ತಾನೇ ಇಳಿಯುತ್ತದೆ, ಪೆನಿಸಿಲಿನ್ನಿಂದ ಸಿಗುವ ಲಾಭ ಸಣ್ಣದು, ಹೊಟ್ಟೆ ಕೆಡಬಹುದು. ಇಬ್ಬರೂ ಕೂತು ತೂಗಿ ನೋಡುತ್ತಾರೆ. ಕೊನೆಗೆ ಪ್ಯಾರಾಸಿಟಮಾಲ್, ಬೆಚ್ಚನೆ ಉಪ್ಪುನೀರಿನ ಮುಕ್ಕಳಿಕೆ, ಯಾವ ಲಕ್ಷಣ ಕಂಡರೆ ತಕ್ಷಣ ವಾಪಸ್ ಬರಬೇಕೆಂಬ ಪಟ್ಟಿ. ಆಕೆ ಹೊರಡುವಾಗ ಮುಖದಲ್ಲಿ ಬರಿಗೈಯಲ್ಲಿ ಹೋಗುತ್ತಿದ್ದೇನೆಂಬ ಬೇಸರ ಇಲ್ಲ.

ಬಾಗಿಲು ತೆರೆದ ಕೂಡಲೇ ರಾಣೆಬೆನ್ನೂರಿನವನು ಕೇಳುವುದು ಒಂದೇ: "ಆ್ಯಂಟಿಬಯಾಟಿಕ್ ಕೊಡಲಿಲ್ಲವಲ್ಲ, ನಿಮಗೆ ಏನು ಬಂತು?"

ಅವರು ನಗುತ್ತಾರೆ. ಮಾರ್ಗಸೂಚಿ ಹೇಳುವ ಹಂತ ದಾಟಿದ ಮೇಲೆ ಔಷಧಿ ಹೋಗಲಿ ಬಿಡಲಿ, ಆ ಸಮಾಲೋಚನೆಗೆ ಸರ್ಕಾರ ಹಣ ಕೊಡುತ್ತದೆ. ಯೋಜನೆ ಶುರುವಾದಾಗ ಅದು 15 ಪೌಂಡ್. "ಕೊಡದೆ ಇರುವುದಕ್ಕೂ ಓದಿರಬೇಕಲ್ಲ," ಎಂದಷ್ಟೇ ಹೇಳಿ ಮುಂದಿನವರನ್ನು ಒಳಗೆ ಕರೆಯುತ್ತಾರೆ. ಎಲ್ಲ ಸುಖವಾಗಿಲ್ಲ, ಅದನ್ನೂ ಅವರೇ ಹೇಳಿದರು: ಔಷಧಾಲಯಗಳು ಮುಚ್ಚುತ್ತಿವೆ, ಕೆಲವು ಔಷಧಿಗಳಿಗೆ ಕೊಂಡ ದರವೂ ಹುಟ್ಟುವುದಿಲ್ಲ, ದಿನವಿಡೀ ನಿಂತು ಕಾಲು ಸೋಲುತ್ತದೆ.

ರೋಸ್‌ನ ತೀರ್ಪಿಗೂ ಈ ಕೋಣೆಗೂ ನಡುವೆ 320 ವರ್ಷ. ಔಷಧಿ ಬಲ್ಲವನ ಮಾತಿಗೆ ಔಷಧಿಯಿಂದ ಬೇರೆಯಾದ ಬೆಲೆಯೊಂದು ಬರಲು ಈ ಊರಿಗೆ ಅಷ್ಟು ಕಾಲ ಬೇಕಾಯಿತು. ನಮ್ಮಲ್ಲಿ ಫಾರ್ಮ್ ಡಿ ಶುರುವಾದದ್ದು 2008ರಲ್ಲಿ. ಆರು ವರ್ಷ ಓದಿ, ವಾರ್ಡ್ ರೌಂಡ್ಸ್ ಮಾಡಿ, ಔಷಧಿಗಳ ನಡುವಿನ ಘರ್ಷಣೆಗಳನ್ನು ಬೆರಳ ತುದಿಯಲ್ಲಿಟ್ಟುಕೊಂಡ ಮಕ್ಕಳು ಎಷ್ಟೋ ಮಂದಿ ಕೊನೆಗೆ ಕಂಪ್ಯೂಟರ್ ಮುಂದೆ ಕೂತು ವಿದೇಶಿ ಕಂಪನಿಗಳಿಗೆ ಅಡ್ಡಪರಿಣಾಮದ ವರದಿ ತುಂಬುತ್ತಾರೆ. ಅದೂ ಬೇಕಾದ ಕೆಲಸವೇ. ಆದರೆ ಅವರ ಊರಿನ ಬೀದಿಯಲ್ಲಿ ಕಾರ್ಬಿಮಜೋಲಿನ ಪ್ರಶ್ನೆ ಕೇಳುವವರು ಯಾರು? ಇದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಹ್ಯಾರೋ-ಆನ್-ದ-ಹಿಲ್ ಸ್ಟೇಷನ್ನಿನಲ್ಲಿ ಮೆಟ್ರೊಪಾಲಿಟನ್ ಲೈನಿನ ರೈಲು ಹತ್ತುತ್ತೇವೆ. ತುಮಕೂರಿನವಳು ಪಕ್ಕದಲ್ಲಿ ಬಂದು ಕೂರುತ್ತಾಳೆ. "ಮೇಡಂ, ದೂರ ಅಂದ್ರಲ್ಲ. ಮೊಣಕಾಲಿಗೆ ಮೊಣಕಾಲು ತಾಗೋಷ್ಟು." ಎದುರು ಸೀಟಿನಲ್ಲಿ ರಾಣೆಬೆನ್ನೂರಿನವನು ಆಗಲೇ ಮನೆಗೆ ಫೋನ್ ಹಚ್ಚಿದ್ದಾನೆ, ಅಲ್ಲಿ ರಾತ್ರಿ ಎಂಟೂವರೆ, ಅಂಗಡಿಯಲ್ಲಿ ಗಿರಾಕಿಗಳ ಹೊತ್ತು.

"ಅಪ್ಪಾ, ಫ್ರಿಜ್ ಬಾಜೂಕ ಖಾಲಿ ರಟ್ಟಿನ ಡಬ್ಬಿ ಇಟ್ಟೇವಲ್ಲ, ಅವನ್ನ ತೆಗದ್ರ ಎರಡು ಕುರ್ಚಿ ಹಿಡಿತಾವೇನು?"

ಸ್ಪೀಕರಿನಲ್ಲಿ ತಂದೆಯ ದನಿ: "ಕುರ್ಚಿ ಹಿಡಿತಾವ ಬಿಡೋ. ಕುಂತು ಮಾತಾಡಿದ್ದಕ್ಕ ರೊಕ್ಕ ಕೊಡಾವ್ರು ಯಾರು?"

ಅವನು ಫೋನನ್ನು ಎದೆಗೊತ್ತಿ ಹಿಡಿದು ನಮ್ಮ ಕಡೆ ನೋಡುತ್ತಾನೆ. ಮೂವತ್ತು ರೂಪಾಯಿ ಅನ್ನು ಎನ್ನುತ್ತಾಳೆ ಒಬ್ಬಳು. ಮೊದಲ ಆರು ತಿಂಗಳು ಏನೂ ಕೇಳಬೇಡ, ಜನಕ್ಕೆ ರುಚಿ ಹತ್ತಲಿ ಎನ್ನುತ್ತಾನೆ ಇನ್ನೊಬ್ಬ. ಬಿಪಿ ನೋಡಿ, ತಗೊಳ್ತಿರೋ ಮಾತ್ರೆಗಳನ್ನೆಲ್ಲ ಚೀಲದಲ್ಲಿ ತರಿಸಿ, ಅದಕ್ಕೊಂದು ಕಾರ್ಡ್ ಮಾಡು, ಕಾರ್ಡಿಗೆ ದುಡ್ಡು ತಗೋ ಎನ್ನುತ್ತಾಳೆ ತುಮಕೂರಿನವಳು. ಬೇಕರ್ ಸ್ಟ್ರೀಟಿನಲ್ಲಿ ಇಳಿಯಬೇಕೆಂದು ನಾನು ಎರಡು ಸಲ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳುತ್ತಿಲ್ಲ.